ಏಳೆಂಟ್ಲ

ಆಗಸ್ಟಿನ ಮೊದಲ ಶನಿವಾರ, ಶಾಲೆ ತೆರೆಯುವ ಮುಂಚೆ,
ಸೌನಾ ಒಲೆಗೆ ಕಟ್ಟಿಗೆ ಇಟ್ಟು ಬಂದು
ಹಿಲ್ಕಾ ಮೇಜು ತೊಳೆಯುತ್ತಾಳೆ.
ಎಂಟಡಿ ಉದ್ದ. ಬರೀ ಪೈನು.
ಬಣ್ಣವಿಲ್ಲ, ವಾರ್ನಿಶ್ ಇಲ್ಲ, ಮಾನ ಮುಚ್ಚಲು ಬಟ್ಟೆಯಿಲ್ಲ.
ಇಪ್ಪತ್ತಾರು ವರ್ಷ ಊರಿನ ಮಕ್ಕಳನ್ನು
ನಾಲ್ಕು ನಾಲ್ಕಾಗಿ ನೋಡಿಕೊಂಡ ಮನೆ;
ಗಂಜಿ, ಗೋಂದು, ಬಿಸಿಹಾಲು, ಬ್ಲೂಬೆರಿ, ಜಗಳ
ಎಲ್ಲ ಇದರ ಮೇಲೇ ಬಡಿಸಿದ್ದು.

ಈ ಸಲ ಬಕೆಟ್ಟು ಹಿಡಿಯುವುದು ನಾನು.
ಸೋಮವಾರದಿಂದ ಮಕ್ಕಳು ನನ್ನ ಮನೆಗೆ,
ಮೇಜೂ ಅವರ ಹಿಂದೆಯೇ.

‘ಮೆತ್ತನೆ ಮರ, ರೌನಿ. ಚಮಚ ಬಿದ್ದರೂ ನೆನಪಿಟ್ಟುಕೊಳ್ಳುತ್ತದೆ.
ಉಗುರಲ್ಲಿ ಒತ್ತಿ ನೋಡು ಬೇಕಾದರೆ.
ಏಯ್, ನಿಜವಾಗಲೂ ಒತ್ತಬೇಡ.’

ನೀರು ಉಗುರುಬೆಚ್ಚಗೆ. ಸೋಪು ಒಂದು ಹಿಡಿ,
ಕಂದು ಬಣ್ಣದ್ದು, ಅದೂ ಪೈನಿನದೇ,
ಕಾಗದದ ಕಾರ್ಖಾನೆಯಲ್ಲಿ ಉಳಿದ ಎಣ್ಣೆಯಿಂದ ಆದದ್ದು.
ಮುಳ್ಳನ್ನು ಮುಳ್ಳಿಂದ ತೆಗೆದ ಹಾಗೆ.
ಎಳೆಯ ಉದ್ದಕ್ಕೇ ಉಜ್ಜಬೇಕು, ಬೆಕ್ಕನ್ನು ಸವರಿದಂತೆ;
ಅಡ್ಡ ಹೋದರೆ ಎರಡಕ್ಕೂ ಸಿಟ್ಟು.
ಮೇಲೆ ನೆನೆಸಿದರೆ ಕೆಳಗೂ ನೆನೆಸಬೇಕು,
ಒಂದೇ ಮೈ ಒದ್ದೆಯಾದ ಹಲಗೆ
ದೋಣಿಯಾಗಿ ಬಿಡುತ್ತದೆ.

ಹಾಗಾಗಿ ನಾನು ಅಡಿಗೆ ತೂರಿದೆ.
ಹನ್ನೊಂದು ಬಬಲ್‌ಗಮ್ಮು, ಕಲ್ಲಾದವು.
ಒಂದು ಮೀನಿನ ಸ್ಟಿಕರು.
ನೀಲಿ ಕ್ರೇಯಾನಿನಲ್ಲಿ ಯಾರದೋ ಮೇಲೆ ಯಾರದೋ ಬೈಗುಳ,
ಕಾಗುಣಿತ ತಪ್ಪು.
ಹೇಳಲಿಲ್ಲ ಅವಳಿಗೆ.
‘ಗಮ್ಮು ಹೆರೆಯಬೇಡ,’ ಮೇಲಿಂದ ದನಿ ಬಂತು,
‘ಹಲಗೆ ಬಿಗಿಯಾಗಿರುವುದೇ ಅದರಿಂದ.’

ಒಲೆಯ ಕಡೆ ತುದಿಯಲ್ಲಿ ಒಂದು ಗಂಟು
ಇನ್ನೂ ರಾಳ ಒಸರುತ್ತದೆ.
ನಲವತ್ತು ವರ್ಷದ ಹಿಂದೆ ಜೌಗಿನಾಚೆ ಕಡಿದ ಮರ,
ತಾನು ಬಿದ್ದ ಸುದ್ದಿ
ಆ ಗಂಟಿಗಿನ್ನೂ ತಲುಪಿಲ್ಲ.

ಬ್ರೆಡ್ಡಿನ ಡಬ್ಬಿ ಕೂತಿದ್ದ ಕಡೆ ಬಿಳಿಯ ಚೌಕ,
ಸುತ್ತ ಬಿಸಿಲು ತಿಂದ ಜೇನು ಬಣ್ಣ.
ಡಬ್ಬಿಯನ್ನು ಆಗಾಗ ಸರಿಸಬೇಕಿತ್ತು,
ಸರಿಸಲಿಲ್ಲ, ಅಷ್ಟೆ.

ಆಮೇಲೆ ತಗ್ಗುಗಳ ಸರದಿ.
ಒದ್ದೆ ಬಟ್ಟೆ ಹಾಸಿ, ಮೇಲೆ ಇಸ್ತ್ರಿಪೆಟ್ಟಿಗೆ. ಚುಂಯ್.
ನಸುಕಿಗೇ ಎಬ್ಬಿಸಿದ ಮಗುವಿನಂತೆ
ನಾರು ಮುಲುಗುತ್ತ ಏಳುತ್ತದೆ.
ಬಾಣಲೆ ಬಿದ್ದ ಗುಳಿ ಎದ್ದಿತು.
ಆಟಿಕೆ ಟ್ರ್ಯಾಕ್ಟರಿನ ಹಾದಿ, ಮುಕ್ಕಾಲು ಎದ್ದಿತು.
ಚಾಕುವಿನ ಗೀರು ಏಳಲಿಲ್ಲ.
‘ಒತ್ತಿದ್ದು ಏಳುತ್ತೆ, ಕೊಯ್ದದ್ದು ಏಳಲ್ಲ,’ ಅಂದಳು
ಬೆವರು ಒರೆಸಿಕೊಳ್ಳುತ್ತ. ಮರದ ಮಾತು, ಬೇರೇನಲ್ಲ.

ಕಿಟಕಿಯ ಪಕ್ಕ ರಿಕುವಿನ ಜಾಗ.
ತೆಳ್ಳನೆ ಹಾಳೆ ದಾಟಿ ಮರಕ್ಕಿಳಿದ ಲೆಕ್ಕ:
7 x 8 = 54
ಹತ್ತೊಂಬತ್ತು ವರ್ಷ ಗಂಜಿಯ ಕೆಳಗೆ ಹಾಗೇ ಇತ್ತು.
ರಿಕು ಈಗ ಹಾಲಿನ ಟ್ಯಾಂಕರು ಓಡಿಸುತ್ತಾನೆ,
ದಿನವೂ ಲೀಟರು ಬರೆಯುತ್ತಾನೆ, ಒಂದೂ ತಪ್ಪಿಲ್ಲ.

ಬಟ್ಟೆ ಹಾಸಿದವಳು ತಡೆದು ನಿಂತಳು.
ನಾನು ಬೇಡ ಎನ್ನಬೇಕಿತ್ತೇನೋ.
ಅಷ್ಟರಲ್ಲಿ ಚುಂಯ್.

ತೆಗೆದು ನೋಡಿದರೆ ಏಳು ಇದೆ, ಎಂಟು ಇದೆ,
ಸಮ ಎನ್ನುವ ಎರಡು ಗೆರೆಯೂ ಇದೆ.
ಐವತ್ತನಾಲ್ಕು ಮಾತ್ರ ಎದ್ದು ಹೋಗಿದೆ.
ಗೊತ್ತಿದ್ದನ್ನು ಹುಡುಗ ಜೋರಾಗಿ ಒತ್ತಿದ್ದ,
ಗೊತ್ತಿಲ್ಲದ್ದನ್ನು ಪೆನ್ಸಿಲಿನ ತುದಿಯಲ್ಲಿ ಸುಮ್ಮನೆ ಮುಟ್ಟಿದ್ದ.

ಹಿಲ್ಕಾ ನಕ್ಕಳು, ಮೂಗಿನಿಂದ, ಸದ್ದು ಮಾಡಿ.
‘ಕಳ್ಳ,’ ಅಂದಳು, ‘ಅವತ್ತೇ ಅನುಮಾನವಿತ್ತು ಇವನಿಗೆ.’
ಇಸ್ತ್ರಿಪೆಟ್ಟಿಗೆಯ ವೈರು ಸುತ್ತಿಟ್ಟು
ಸೌನಾ ಕಾದಿರಬೇಕು ಅಂತ ಹೊರಟೇಬಿಟ್ಟಳು.

ಸೋಮವಾರ. ನನ್ನ ಅಡುಗೆಮನೆ. ಬಾಗಿಲ ಚೌಕಟ್ಟು ತರಚಿ
ಒಳಗೆ ಬಂದ ಮೇಜು.
ಪಿಹ್ಲಾ ಗಂಜಿ ಚೆಲ್ಲಿದಳು ಮೊದಲ ಹತ್ತೇ ನಿಮಿಷಕ್ಕೆ.
ಎಳೆಯ ಉದ್ದಕ್ಕೆ ಒರೆಸುತ್ತಿದ್ದೆ.
ಅವಳ ಅಂಟುಬೆರಳು ಗೆರೆಗಳ ಮೇಲೆ ಹೋಗಿ ನಿಂತಿತು:
‘ಇಲ್ಲಿ ಏನೋ ಬರೆಯೋದು ಮರೆತಿದ್ದಾರೆ.’